ಕಡ್ಡಿ ಬಿಟ್ಟು ಕೊಕ್ಕೆ ಹಿಡಿಯುವ ಮುನ್ನ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಆ ಕೈಯೇ ನೊಂದು ಕುಳಿತರೆ ಮಾಡಬೇಕಾದುದೇನು ಎಂಬುದನ್ನು ಗಾದೆ ಹೇಳುವುದಿಲ್ಲ. ಹೊಲದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದ ಕೈ ನೊಂದರೆ ಅದು ದುಡಿಮೆಯ ನೋವೆಂದು ಎಲ್ಲರೂ ಒಪ್ಪುತ್ತಾರೆ. ಮನೆಯಲ್ಲಿ ಕುಳಿತು ಹೆಣೆದ ಕೈ ನೊಂದರೆ ಮಾತ್ರ, ‘ಬಿಡುವಿನ ವೇಳೆಯ ಕೆಲಸವಲ್ಲವೇ, ಅದರಲ್ಲೇನು ಶ್ರಮ?’ ಎಂಬ ಉದಾಸೀನ. ಈ ಉದಾಸೀನ ಇತರರಿಗಿಂತ ಹೆಣೆಯುವವರಲ್ಲಿಯೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ದೆಹಲಿಯ ಚಳಿಗಾಲದ ಬಿಸಿಲಿನಲ್ಲಿ ಕುಳಿತು, ನೆರೆಮನೆಯವರನ್ನು ನೋಡಿ ಎರಡು ಕಡ್ಡಿಗಳ ಹೆಣಿಗೆಯನ್ನು ಕಲಿತ ಕನ್ನಡ ಗೃಹಿಣಿಯರು ಅನೇಕರು. ಅಂತಹವರಲ್ಲಿ ಹಲವರು ಈಗ ಕ್ರೋಶದ ಕಡೆಗೆ ಒಲಿದಿದ್ದಾರೆ. ಸೀರೆಯ ಸೆರಗಿಗೆ ಕ್ರೋಶ ಕುಚ್ಚು ಹಾಕಿಸುವ ರೂಢಿ ಕರ್ನಾಟಕದಲ್ಲಿಯೂ ಹೊರನಾಡಿನಲ್ಲಿಯೂ ಬೆಳೆದಿರುವುದರಿಂದ, ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸುವ ಮಾರ್ಗವೂ ಇದಾಗಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ‘ಹೆಣಿಗೆ ಬಲ್ಲವಳಿಗೆ ಕ್ರೋಶವೇನು ಮಹಾ?’ ಎಂಬ ಭಾವನೆಯಿಂದ ಮೊದಲ ದಿನವೇ ಎರಡು ಮೂರು ಗಂಟೆ ಕುಳಿತುಬಿಡುವುದು ಅಪಾಯಕರ. ಬುದ್ಧಿಗೆ ಪರಿಚಿತವಾದ ಕೆಲಸ ಸ್ನಾಯುಗಳಿಗೂ ಪರಿಚಿತವಾಗಿರಬೇಕೆಂಬ ನಿಯಮವಿಲ್ಲ.

ಎರಡು ಕಡ್ಡಿಗಳ ಹೆಣಿಗೆಯಲ್ಲಿ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಎರಡು ಕೈಗಳೂ ಶ್ರಮವನ್ನು ಹಂಚಿಕೊಳ್ಳುತ್ತವೆ. ಕ್ರೋಶದಲ್ಲಾದರೋ ಸಾಮಾನ್ಯವಾಗಿ ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಕೊಕ್ಕೆಯನ್ನು ತೂರಿಸುವುದು, ದಾರವನ್ನು ಸುತ್ತಿಕೊಳ್ಳುವುದು, ತಿರುಗಿಸುವುದು, ಎಳೆಯುವುದು ಇವೆಲ್ಲವೂ ಬಹುಪಾಲು ಬಲಗೈಯ ಕೆಲಸ. ಪ್ರತಿಯೊಂದು ಕುಣಿಕೆಗೂ ಮಣಿಕಟ್ಟು ಹೊರಳಬೇಕು. ಹೆಬ್ಬೆರಳು ಸಣ್ಣ ಕಡ್ಡಿಯನ್ನು ಅದುಮಿ ಹಿಡಿದಿರಬೇಕು. ಎಡಗೈಗೆ ನೇಯ್ಗೆಯನ್ನು ಹಿಡಿಯುವುದರ ಜೊತೆಗೆ ದಾರದ ಬಿಗಿಯನ್ನು ಕಾಯುವ ಹೊಣೆಯೂ ಸೇರುತ್ತದೆ. ಬಲಗೈಯಿಂದ ಉಣ್ಣೆಯನ್ನು ಸುತ್ತಿ ಹೆಣೆಯುತ್ತಿದ್ದವರಿಗೆ ಇದು ತೀರ ಹೊಸದು. ದಾರ ಜಾರೀತೆಂಬ ಭಯದಿಂದ ಅವರು ಬೆರಳಿಗೆ ಬಿಗಿಯಾಗಿ ಸುತ್ತುತ್ತಾರೆ, ಕುಣಿಕೆ ಬಿಗಿಯಾಗುತ್ತದೆ, ಬಿಗಿಯಾದ ಕುಣಿಕೆಯೊಳಗೆ ಕೊಕ್ಕೆಯನ್ನು ಬಲವಂತದಿಂದ ನುಗ್ಗಿಸುತ್ತಾರೆ. ನೋವಿನ ಬೀಜ ಬೀಳುವುದು ಇಲ್ಲಿಯೇ.

ಮಣಿಕಟ್ಟಿನ ರಚನೆಯನ್ನು ಅರಿತರೆ ಇದರ ಮರ್ಮ ತಿಳಿಯುತ್ತದೆ. ಅಲ್ಲಿರುವ ಇಕ್ಕಟ್ಟಾದ ಸುರಂಗವೊಂದರಲ್ಲಿ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಒಳಗೆ ಬಾವು ಬಂದರೆ ನರ ಅದುಮಿಹೋಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ರಾತ್ರಿ ನಿದ್ರೆಯಲ್ಲಿ ಎಚ್ಚರವಾಗಿ ಕೈ ಕೊಡವಿಕೊಳ್ಳುವಂತಾಗುತ್ತದೆ. ವೈದ್ಯರು ಇದನ್ನು ಕಾರ್ಪಲ್ ಟನಲ್ ತೊಂದರೆಯೆನ್ನುತ್ತಾರೆ. ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳ ಒರೆ ದಪ್ಪಗಾಗಿ ನೋಯುವುದು ಇನ್ನೊಂದು ಬಗೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದನು. ಎಲ್ಲ ನೋವಿಗೂ ಹೆಣಿಗೆಯೊಂದೇ ಕಾರಣವೆನ್ನಲಾಗದು. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ, ಕೀಲುವಾತ ಇರುವವರಲ್ಲಿ ಕಾರ್ಪಲ್ ಟನಲ್ ತೊಂದರೆಯ ಸಂಭವ ಹೆಚ್ಚು. ಆದುದರಿಂದ ಅವರು ಇಮ್ಮಡಿ ಎಚ್ಚರ ವಹಿಸಬೇಕು.

ಇಟಲಿಯ ವೈದ್ಯ ರಾಮಜ್ಜೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿಯೇ ಗ್ರಂಥ ಬರೆದನು. ಒಂದೇ ಭಂಗಿಯಲ್ಲಿ ಕುಳಿತು ಒಂದೇ ಬಗೆಯಾಗಿ ಕೈಯಾಡಿಸುವ ಬರವಣಿಗೆಗಾರರ ನೋವನ್ನು 1713ರ ಆವೃತ್ತಿಯಲ್ಲಿ ಆತನು ಪರಿಶೀಲಿಸಿದನು. ಲೇಖನಿ ಹಿಡಿದವರಿಗೆ ಅಂದೇ ದೊರೆತ ಗಮನ ಕೊಕ್ಕೆ ಹಿಡಿದವರಿಗೆ ಇಂದಿಗೂ ಪೂರ್ಣವಾಗಿ ದೊರೆತಿಲ್ಲ. ಆಂಧ್ರದ ನರಸಾಪುರದ ಸುತ್ತಮುತ್ತ ಕ್ರೋಶ ಲೇಸು ಹೆಣೆಯುವ ಮಹಿಳೆಯರನ್ನು ಕುರಿತು ಮರಿಯಾ ಮೀಸ್ ಎಂಬ ವಿದುಷಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದೇಶವಿದೇಶಗಳಿಗೆ ಹೋಗುವ ಸರಕನ್ನು ತಯಾರಿಸಿದರೂ ಅವರನ್ನು ಕಾರ್ಮಿಕರೆಂದು ಎಣಿಸದೆ, ಬಿಡುವಿನಲ್ಲಿ ಕೈಕೆಲಸ ಮಾಡುವ ಗೃಹಿಣಿಯರೆಂದೇ ಕಾಣಲಾಗುತ್ತಿತ್ತೆಂಬುದು ಆ ಪುಸ್ತಕದ ತಿರುಳು. ಹಬ್ಬಕ್ಕೋ ಮದುವೆಗೋ ಮುಂಚೆ ರಾತ್ರಿಯೆಲ್ಲ ಕುಳಿತು ಕುಚ್ಚು ಮುಗಿಸುವ ನಮ್ಮ ಸೋದರಿಯರಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಕಲಿಯುವ ಬಗೆ ಹೇಗೆ? ಹೆಣಿಗೆ ಬಲ್ಲವರು ಮೊದಲ ಕೆಲವು ವಾರ ಏನನ್ನೂ ಅರಿಯದವರಂತೆ ಕಲಿಯುವುದು ಲೇಸು. ಸಣ್ಣ ಉಕ್ಕಿನ ಕೊಕ್ಕೆ, ತೆಳುವಾದ ರೇಷ್ಮೆ ದಾರ ಆರಂಭಕ್ಕೆ ಸಲ್ಲವು. ಮಧ್ಯಮ ದಪ್ಪದ, ತಿಳಿಬಣ್ಣದ ಉಣ್ಣೆಯನ್ನೂ ಸುಮಾರು 5 ಮಿಲಿಮೀಟರಿನ ಕೊಕ್ಕೆಯನ್ನೂ ಆರಿಸಿಕೊಳ್ಳಿರಿ. ಸರಪಳಿ ಬಿಗಿಯಾಗುತ್ತಿದ್ದರೆ ಕೈಗೆ ಬಲ ಹಾಕಬೇಡಿರಿ. ಇನ್ನೂ ದಪ್ಪನೆಯ ಕೊಕ್ಕೆಯನ್ನು ಹಿಡಿಯಿರಿ. ಕೊಕ್ಕೆಯನ್ನು ಪೆನ್ಸಿಲಿನಂತೆ ಹಿಡಿಯಬಹುದು, ಚಾಕುವಿನಂತೆಯೂ ಹಿಡಿಯಬಹುದು. ಎರಡನ್ನೂ ಪ್ರಯತ್ನಿಸಿ ಮಣಿಕಟ್ಟು ನೇರವಾಗಿ, ಸಡಿಲವಾಗಿ ಉಳಿಯುವ ಬಗೆಯನ್ನು ಆಯ್ದುಕೊಳ್ಳಿರಿ. ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ ಸಾಕು. ಬಳಿಕವೂ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸವನ್ನು ಕೆಳಗಿಟ್ಟು, ಬೆರಳುಗಳನ್ನು ಅಗಲಿಸಿ, ಭುಜಗಳನ್ನು ಸಡಿಲಿಸಿ, ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಮಡಿಲಿನಲ್ಲಿ ದಿಂಬನ್ನಿಟ್ಟು ಮೊಣಕೈಗಳಿಗೆ ಆಸರೆ ಕೊಟ್ಟರೆ ಕುತ್ತಿಗೆ ಬಾಗುವುದೂ ತಪ್ಪುತ್ತದೆ.

ನೋವು ಕಂಡ ದಿನ ಕೆಲಸ ನಿಲ್ಲಿಸುವುದೇ ಪ್ರಥಮ ಚಿಕಿತ್ಸೆ. ಮುಲಾಮು ಸವರಿಕೊಂಡು ಮುಂದುವರಿಸುವುದು ಸರಿಯಲ್ಲ. ಜೋಮು ಮತ್ತೆಮತ್ತೆ ಬರುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಸೊರಗುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆರಂಭದಲ್ಲಿ ವಿಶ್ರಾಂತಿಯಿಂದಲೂ, ರಾತ್ರಿಯ ಹೊತ್ತು ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯಿಂದಲೂ ಅನೇಕರಿಗೆ ಗುಣ ಕಾಣುತ್ತದೆ. ಬಹುಕಾಲ ಅದುಮಿಹೋದ ನರ ಮಾತ್ರ ಮೊದಲಿನಂತಾಗದಿರಬಹುದು.

ಕೊನೆಯದಾಗಿ ನಮ್ಮ ಸಂಘಗಳ ಮಹಿಳಾ ವಿಭಾಗಗಳಿಗೆ ಒಂದು ವಿಜ್ಞಾಪನೆ. ಕೈಕೆಲಸದ ತರಗತಿಗಳಲ್ಲಿ ಮೊದಲ ಪಾಠ ಕುಳಿತುಕೊಳ್ಳುವ ರೀತಿಯದಾಗಲಿ, ಎರಡನೆಯದು ಬಿಡುವಿನದಾಗಲಿ. ಇಂತಿಷ್ಟು ಸಮಯದಲ್ಲಿ ಯಾರು ಹೆಚ್ಚು ಹೆಣೆದರೆಂದು ಅಳೆಯುವ ಸ್ಪರ್ಧೆಗಳನ್ನು ಕೈಬಿಟ್ಟು, ಅಂದಕ್ಕೂ ಹದವಾದ ಕುಣಿಕೆಗೂ ಬಹುಮಾನ ಕೊಡೋಣ. ಕುಚ್ಚು ಹಾಕಿಸುವವರು ಹತ್ತು ದಿನ ಮೊದಲೇ ಸೀರೆ ಕೊಟ್ಟು, ಶ್ರಮಕ್ಕೆ ತಕ್ಕ ಮಜೂರಿಯನ್ನು ಚೌಕಾಶಿಯಿಲ್ಲದೆ ಸಲ್ಲಿಸಲಿ. ಅದೇ ಕೈ ಮನೆಯ ಅಡುಗೆಯನ್ನೂ ಮಾಡಬೇಕು, ಮಗುವನ್ನೂ ಎತ್ತಿಕೊಳ್ಳಬೇಕು ಎಂಬುದನ್ನು ಹೆಣೆಯುವವರೂ ಹೆಣೆಸುವವರೂ ನೆನಪಿನಲ್ಲಿಡಬೇಕು.