ಆರಿಸದೆ ಸಿಕ್ಕ ಕಾರ್ಯಕ್ರಮದ ಬೆಲೆ

ಬ್ರಿಟನ್ನಿನ ಸಾರ್ವಜನಿಕ ವಾಹಿನಿ ಬಿಬಿಸಿ ಟೂನಲ್ಲಿ ಒಂದೇ ಸಂಜೆ ರಸಪ್ರಶ್ನೆ, ತೋಟಗಾರಿಕೆ, ಇತಿಹಾಸದ ಸಾಕ್ಷ್ಯಚಿತ್ರ, ಹಾಸ್ಯ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಮಲಗುವ ಹೊತ್ತಿಗೆ ರಾಜಕೀಯ ಚರ್ಚೆಯ ‘ನ್ಯೂಸ್‌ನೈಟ್’. ಬೇಕಾದದ್ದನ್ನು ಬೇಕಾದಾಗ ಮೊಬೈಲಿನಲ್ಲೇ ನೋಡಬಹುದಾದ ಈ ಕಾಲದಲ್ಲಿ ಯಾರೋ ಜೋಡಿಸಿಟ್ಟ ಇಂಥ ಸಂಜೆ ಯಾರಿಗೆ ಬೇಕು ಎಂದು ಕೇಳುವವರು ಅಲ್ಲಿ ಹೆಚ್ಚುತ್ತಿದ್ದಾರೆ. ಬಿಬಿಸಿ ನಡೆಯಲು ಆಧಾರವಾದ ಈಗಿನ ರಾಜಸನ್ನದು 2027ರ ಡಿಸೆಂಬರಿಗೆ ಮುಗಿಯುವುದರಿಂದ ಇದು ಬರೀ ಹರಟೆಯ ವಿಷಯವಾಗಿ ಉಳಿದಿಲ್ಲ. ಇಂಥ ಸಂಜೆ ಉಳಿಯಲೇಬೇಕು ಎಂಬುದು ನನ್ನ ವಾದ. ನಮಗೆ ಹಿಡಿಸೀತೆಂದು ನಮಗೇ ಗೊತ್ತಿಲ್ಲದ ಸಂಗತಿ ನಮ್ಮೆದುರು ಬಂದು ನಿಲ್ಲಲು ಬೇರೆ ದಾರಿಗಳು ಹೆಚ್ಚಿಲ್ಲ.

ಈ ವಾಹಿನಿ ಶುರುವಾದಾಗ ಬೇರೆಯೇ ಒಂದು ಪ್ರಯೋಗ ನಡೆದಿತ್ತು. 1964ರ ಏಪ್ರಿಲ್ 20ರ ರಾತ್ರಿ ಉದ್ಘಾಟನೆಯಾಗಬೇಕಿತ್ತು. ಬ್ಯಾಟರ್‌ಸೀ ವಿದ್ಯುತ್ ಕೇಂದ್ರದ ಬೆಂಕಿಯಿಂದ ಕರೆಂಟು ಹೋಗಿ, ಮರುದಿನ ಬೆಳಗ್ಗೆ ಮಕ್ಕಳ ‘ಪ್ಲೇ ಸ್ಕೂಲ್’ ಮೊದಲು ಪ್ರಸಾರವಾಯಿತು. ಮೊದಲ ಮುಖ್ಯಸ್ಥ ಮೈಕೆಲ್ ಪೀಕಾಕ್ ವಾರಕ್ಕೆ ಏಳು ಮುಖಗಳನ್ನು ಕೊಟ್ಟಿದ್ದರು: ಒಂದು ಸಂಜೆ ಪೂರ್ತಿ ಮನರಂಜನೆ, ಮಂಗಳವಾರ ಪೂರ್ತಿ ಶಿಕ್ಷಣ, ಹೀಗೆ ದಿನಕ್ಕೊಂದು ಬಗೆ. ಕಾಗದದ ಮೇಲೆ ಇದು ಅಚ್ಚುಕಟ್ಟು. ಆದರೆ ಶಿಕ್ಷಣ ಬೇಡವೆಂದವರು ಮಂಗಳವಾರ ಅತ್ತ ತಲೆಹಾಕಲು ಕಾರಣವೇ ಇರಲಿಲ್ಲ. ಜನ ಒಪ್ಪದ ಆ ಪದ್ಧತಿಯನ್ನು ಬೇಗನೆ ಕೈಬಿಡಬೇಕಾಯಿತು. ಅಭಿರುಚಿಗೊಂದು ಗೂಡು ಕಟ್ಟಿ ಅದರೊಳಗೇ ಜನರನ್ನು ಕೂರಿಸುವ ಇಂದಿನ ಆ್ಯಪ್‌ಗಳ ಕ್ರಮಕ್ಕೂ ಇದಕ್ಕೂ ತೀರಾ ದೂರವಿಲ್ಲ.

1965ರಲ್ಲಿ ಮುಖ್ಯಸ್ಥರಾಗಿ ಬಂದ ಡೇವಿಡ್ ಅಟೆನ್‌ಬರೊ ಮಿಶ್ರ ಪಟ್ಟಿಯನ್ನೇ ವಾಹಿನಿಯ ಬಲವಾಗಿಸಿದರು. 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್‌ನೊಂದಿಗೆ ಬಣ್ಣದ ಪ್ರಸಾರ ಆರಂಭವಾಯಿತು. ಬಣ್ಣವನ್ನು ಸಾರ್ಥಕವಾಗಿ ಬಳಸುವ ಕಾರ್ಯಕ್ರಮ ಯಾವುದು ಎಂಬ ಹುಡುಕಾಟಕ್ಕೆ 1969ರಲ್ಲಿ ಎರಡು ಉತ್ತರ ಸಿಕ್ಕವು. ಒಂದು, ಯುರೋಪಿನ ಕಲೆ, ವಾಸ್ತುಶಿಲ್ಪಗಳನ್ನು ಕೆನೆತ್ ಕ್ಲಾರ್ಕ್ 13 ಕಂತುಗಳಲ್ಲಿ ಪರಿಚಯಿಸಿದ ‘ಸಿವಿಲೈಸೇಷನ್’. ಇನ್ನೊಂದು, ಸ್ನೂಕರ್ ಆಟದ ‘ಪಾಟ್ ಬ್ಲ್ಯಾಕ್’. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೆಂಪು, ಹಳದಿ, ನೀಲಿ, ಗುಲಾಬಿ ಚೆಂಡುಗಳು. ಕಪ್ಪುಬಿಳುಪು ಟಿವಿಯಲ್ಲಿ ಅವುಗಳ ವ್ಯತ್ಯಾಸವೇ ತಿಳಿಯದು. ಖರ್ಚು ಕಡಿಮೆ, ಬಣ್ಣ ಧಾರಾಳ. ಮಬ್ಬು ಬೆಳಕಿನ ಕ್ಲಬ್ಬುಗಳ ಆಟವನ್ನು ಟಿವಿಯಲ್ಲಿ ತೋರಿಸಿ ಎಂದು ದೇಶವೇನೂ ಬೇಡಿಕೆ ಇಟ್ಟಿರಲಿಲ್ಲ. ಹಾಗಿದ್ದೂ 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಡೆನಿಸ್ ಟೇಲರ್ ಕೊನೆಯ ಕಪ್ಪು ಚೆಂಡಿನಲ್ಲಿ ಸ್ಟೀವ್ ಡೇವಿಸ್‌ರನ್ನು ಸೋಲಿಸಿದಾಗ, ಮಧ್ಯರಾತ್ರಿ ದಾಟಿದ್ದರೂ ಸುಮಾರು 1.85 ಕೋಟಿ ಜನ ಬಿಬಿಸಿ ಟೂ ನೋಡುತ್ತಿದ್ದರು. ನಮ್ಮ ದೂರದರ್ಶನದ ‘ಮಹಾಭಾರತ’ವನ್ನು 1990ರ ದಶಕದ ಆರಂಭದಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ತೋರಿಸಿದ್ದೂ ಇದೇ ವಾಹಿನಿ.

ಯಾರೋ ಕೆಲವರು ಕೂತು ಜನರ ಸಂಜೆಯನ್ನು ನಿರ್ಧರಿಸುವುದು ದೊಡ್ಡಣ್ಣತನವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕ್ಲಾರ್ಕ್ ಅವರ ಸರಣಿಯಲ್ಲಿ ನಾಗರಿಕತೆ ಎಂದರೆ ಪಶ್ಚಿಮ ಯುರೋಪು. ಏಷ್ಯಾ, ಆಫ್ರಿಕಾಗಳಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ ಅದನ್ನು ಎಲ್ಲರೂ ನೋಡಿದ್ದರಿಂದಲೇ ಆ ಕೊರತೆಯ ಬಗ್ಗೆ ಎಲ್ಲರೂ ಮಾತಾಡಲು ಸಾಧ್ಯವಾಯಿತು. 2018ರಲ್ಲಿ ಅದೇ ವಾಹಿನಿ ‘ಸಿವಿಲೈಸೇಷನ್ಸ್’ ಎಂಬ ಹೊಸ ಸರಣಿ ಮಾಡಿ, ಸೈಮನ್ ಶಾಮಾ, ಮೇರಿ ಬಿಯರ್ಡ್, ಡೇವಿಡ್ ಒಲುಸೋಗಾ ಮೂವರಿಗೆ ಒಪ್ಪಿಸಿ ನೋಟವನ್ನು ಜಗತ್ತಿಗೆ ಹಿಗ್ಗಿಸಿತು. ಆ್ಯಪ್‌ ತೆರೆದೊಡನೆ ಕಾಣುವ ಸಾಲನ್ನೂ ಯಾರೋ ನಿರ್ಧರಿಸಿಯೇ ಇರುತ್ತಾರೆ. ಯಾವ ಲೆಕ್ಕದಲ್ಲಿ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಬಿಬಿಸಿಯನ್ನಾದರೆ 2017ರಿಂದ ಆಫ್‌ಕಾಮ್ ಎಂಬ ನಿಯಂತ್ರಕ ಸಂಸ್ಥೆ ಪ್ರಶ್ನಿಸಬಹುದು, ಸಂಸತ್ತು ಪ್ರಶ್ನಿಸಬಹುದು.

ಹಣದ ಪ್ರಶ್ನೆ ಇದಕ್ಕಿಂತ ಕಠಿಣ. 2025ರ ಏಪ್ರಿಲ್‌ನಲ್ಲಿ, ಬಿಬಿಸಿಯನ್ನು ನಡೆಸಲು ಮನೆಗಳು ಕೊಡುವ ಟಿವಿ ಪರವಾನಗಿ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು; ಬಿಬಿಸಿಯನ್ನು ಅಪರೂಪಕ್ಕೆ ನೋಡುವ ಮನೆಗೂ ಅದೇ ದರ. ಬಡ ಮನೆಗಳಿಗೆ ಇದು ಹೊರೆ, ಅವರಿಗೆ ರಿಯಾಯಿತಿ ಸಿಗಬೇಕು. ಹಾಗೆಂದು ಚಂದಾ ಪದ್ಧತಿಗೆ ಹೋದರೆ, ದುಡ್ಡು ಕೊಟ್ಟವರನ್ನು ಹಿಡಿದಿಟ್ಟುಕೊಳ್ಳುವುದೇ ಮೊದಲ ಕೆಲಸವಾಗುತ್ತದೆ. ಆಗ ಯಾರೂ ಕೇಳದ ಸ್ನೂಕರಿಗೂ ಪರಭಾಷೆಯ ಪುರಾಣಕ್ಕೂ ಜಾಗ ಸಿಗುವುದು ಕಷ್ಟ.

ಈ ವಿಚಾರ ಕನ್ನಡಿಗರಿಗೆ ದೂರದ್ದಲ್ಲ. ಭಾರತದ ಪ್ರಸಾರ ವ್ಯವಸ್ಥೆಯ ಮೊದಲ ನಿಯಂತ್ರಕರಾಗಿ 1935ರಲ್ಲಿ ಬಂದ ಲಯನೆಲ್ ಫೀಲ್ಡನ್ ಬಿಬಿಸಿಯವರು. ಅದೇ ವರ್ಷ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮದೇ ಬಾನುಲಿ ಕೇಂದ್ರ ತೆರೆದರು. ಕೃಷಿ, ಶಾಸ್ತ್ರೀಯ ಸಂಗೀತ, ‘ಥಟ್ ಅಂತ ಹೇಳಿ’ಯಂಥ ರಸಪ್ರಶ್ನೆ ಎಲ್ಲಕ್ಕೂ ಎಡೆ ಕೊಟ್ಟ ದೂರದರ್ಶನದ ಚಂದನವೂ ಸಾರ್ವಜನಿಕ ಹಣದಲ್ಲಿ ನಡೆಯುವ ವಾಹಿನಿಯೇ. ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಇಂಥ ವಾಹಿನಿಯನ್ನು ವೀಕ್ಷಕರ ತಲೆ ಎಣಿಸಿ ಮಾತ್ರ ಅಳೆಯಬೇಡಿ. ಒಂದು ಸಂಜೆಯಲ್ಲಿ ಅದು ಎಷ್ಟು ಬಗೆಯ ಕಾರ್ಯಕ್ರಮ ಕೊಟ್ಟಿತು ಎಂಬುದನ್ನೂ ಕೇಳಿ, ಅದಕ್ಕೆ ತಕ್ಕ ಹಣ ಒದಗಿಸುವಂತೆ ಸರ್ಕಾರಗಳನ್ನು ಒತ್ತಾಯಿಸಿ.