ಚಿಕ್ಕಿ ಬಂದುಹೋದ ಮೇಲೆ

ತುಂಗಭದ್ರೆಯ ದಡದ ಮುಕ್ಕುಂದದಲ್ಲಿ, ಸುತ್ತಲಿನ ಸಿಂಧನೂರು ಸೀಮೆಯಲ್ಲಿ, ಸಿಹಿ ತಿನಿಸು ಒಂದು ಕಾಲಕ್ಕೆ ಹಬ್ಬದ ಲೆಕ್ಕದಲ್ಲಿ ಬರುತ್ತಿತ್ತು. ಪಂಚಮಿಗೆ ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮರದಲ್ಲಿ ಕೇರಿ, ಬೆಲ್ಲದ ಪಾಕಕ್ಕೆ ಹಾಕಿ, ಬಿಸಿ ಆರುವ ಮೊದಲೇ ಅಂಗೈಯಲ್ಲಿ ಒತ್ತಿ ಕಟ್ಟಿದ ಉಂಡಿಯೊಳಗೆ ಏನಿದೆಯೆಂದು ಯಾರೂ ಕೇಳಬೇಕಿರಲಿಲ್ಲ. ಹಾಗೆಂದು ಅದು ಸುಭಿಕ್ಷದ ಕಾಲವೇನಲ್ಲ. ಮಳೆ ಕೈಕೊಟ್ಟ ವರ್ಷ ಉಂಡಿ ಹಾಗಿರಲಿ, ಜೋಳದ ರೊಟ್ಟಿಗೂ ತತ್ವಾರ. 1953ರಲ್ಲಿ ಅಣೆಕಟ್ಟೆಯ ನೀರು ಹರಿದ ನಂತರದ ದಶಕಗಳಲ್ಲಿ ಎಡದಂಡೆ ಕಾಲುವೆ ಎರೆಹೊಲಗಳನ್ನು ಗದ್ದೆ ಮಾಡಿತು. ಜೋಳ, ಸಜ್ಜೆ, ಎಳ್ಳು ಹಿಂದೆ ಸರಿದು ಭತ್ತ ಬಂತು. ಭತ್ತದೊಂದಿಗೆ ಕೈಗೆ ರೊಕ್ಕ ಬಂತು, ರೊಕ್ಕದ ಬೆನ್ನಿಗೆ ಪೊಟ್ಟಣದ ತಿಂಡಿ ಬಂತು.

ಮೊದಮೊದಲು ಗ್ಲುಕೋಸ್ ಬಿಸ್ಕತ್ತು ಜ್ವರ ಬಂದವರಿಗೆ, ಬೀಗರಿಗೆ ಮೀಸಲಾಗಿತ್ತು. ಬರಬರುತ್ತ ಕ್ರೀಮ್ ಬಿಸ್ಕತ್ತು, ಕೇಕು, ಚಾಕೊಲೇಟು ಐದು ರೂಪಾಯಿಗೆ ಸಿಗತೊಡಗಿ ದಿನದ ತಿನಿಸೇ ಆದವು. ಗ್ಲುಕೋಸ್ ಬಿಸ್ಕತ್ತಿನ ತೂಕದಲ್ಲಿ ಸುಮಾರು ಕಾಲುಭಾಗ ಸಕ್ಕರೆ. ನೂರು ಗ್ರಾಂ ತಿಂದರೆ, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ವಯಸ್ಕರಿಗೆ ಒಳಿತೆಂದು ಹೇಳಿದ ದಿನದ 25 ಗ್ರಾಂ ಅಲ್ಲಿಗೇ ಮುಗಿಯಿತು. 2006ರ ಆಹಾರ ಸುರಕ್ಷತಾ ಕಾಯ್ದೆ ಕೊಳ್ಳುವವರಿಗೆ ಅರಿವಿನ ಭರವಸೆ ಕೊಟ್ಟಿತು. ಪೊಟ್ಟಣದ ಬೆನ್ನ ಮೇಲೆ ಸಕ್ಕರೆ, ಕೊಬ್ಬುಗಳ ಲೆಕ್ಕ ಬಂದದ್ದು ನಿಜವಾದ ಗಳಿಕೆ. ಆದರೆ ಆ ಲೆಕ್ಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಮೇಲ್ಮೈ ನೂರು ಚದರ ಸೆಂಟಿಮೀಟರ್ ಮೀರದ ಪೊಟ್ಟಣಕ್ಕಂತೂ ಪೋಷಕಾಂಶದ ವಿವರದಿಂದಲೇ ವಿನಾಯಿತಿ. ಮಕ್ಕಳ ಕೈಗೆ ಹೆಚ್ಚಾಗಿ ಬೀಳುವುದು ಅಂಗಡಿಯ ಮುಂದೆ ಸರವಾಗಿ ನೇತಾಡುವ ಈ ಚಿಕ್ಕ ಪೊಟ್ಟಣಗಳೇ.

ಶಾಲೆಯೊಳಗಿನ ಕಥೆ ಬೇರೆ. 2002ರಲ್ಲಿ ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಆರಂಭವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರಿನಲ್ಲಿ ವಿರೋಧದ ನಡುವೆಯೂ ಮೊಟ್ಟೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಮುಂದೆ ಶೇಂಗಾ ಚಿಕ್ಕಿ. ನಮ್ಮ ಉಂಡಿಯದೇ ಶೇಂಗಾ, ಅದೇ ಬೆಲ್ಲ. ನಾಡ ತಿನಿಸಿಗೆ ಸರ್ಕಾರದ ಮನ್ನಣೆ ಸಿಕ್ಕಿತೆಂಬ ಸಂತೋಷ ಬಹಳ ದಿನ ಉಳಿಯಲಿಲ್ಲ. ವಿತರಣೆಯಾಗುತ್ತಿದ್ದ ಚಿಕ್ಕಿಯಲ್ಲಿ ಸಕ್ಕರೆ, ಕೊಬ್ಬು ಹೆಚ್ಚಾಗಿವೆ, ದಾಸ್ತಾನು ಸರಿಯಿಲ್ಲ ಎಂಬ ವರದಿಗಳ ಮೇಲೆ 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಅದನ್ನು ನಿಲ್ಲಿಸಿತು. ನಿರ್ಧಾರ ಸರಿಯಾದದ್ದೇ. ಆದರೂ ಶೇಂಗಾ ಬೆಳೆಯುವ ನಾಡಿನಲ್ಲಿ ಶುದ್ಧ ಚಿಕ್ಕಿಯೊಂದನ್ನು ಮಕ್ಕಳಿಗೆ ತಲುಪಿಸಲಾಗಲಿಲ್ಲ ಎಂಬ ನೋವು ಉಳಿಯುತ್ತದೆ.

ಚಿಕ್ಕಿಗೆ ಹಾಕಿದ ಪ್ರಶ್ನೆಯನ್ನು ಶಾಲೆಯ ಗೇಟಿನಾಚೆಗೂ ಹಾಕಬೇಕಿತ್ತು. ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ತಿನಿಸನ್ನು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ಕೇಂದ್ರ ನಿಯಮವೇ ಹೇಳುತ್ತದೆ. ಆ ಅಂತರವನ್ನು ಅಳೆಯುವವರು ಹಳ್ಳಿಗಳಿಗೆ ಬರಬೇಕು. ಎಷ್ಟೇ ಚಿಕ್ಕ ಪೊಟ್ಟಣವಾದರೂ ಅದರ ಮುಖದ ಮೇಲೆ ಸಕ್ಕರೆಯ ಪ್ರಮಾಣ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು. ಹಾಲು, ಮೊಟ್ಟೆಗಳನ್ನು ಮಕ್ಕಳ ತಟ್ಟೆಗೆ ತಂದ ಸರ್ಕಾರಕ್ಕೆ ಇಷ್ಟು ಮಾಡಿಸುವುದು ಅಸಾಧ್ಯವೇನಲ್ಲ.