ಟಾರ್ಪಿಡೊ ತಪ್ಪಿಸಿಕೊಂಡವರಿಗೆ ಇನ್ನೊಂದು ಹಡಗು

ಮೆಲ್ಬರ್ನ್‌ಗೆ ಹೋದ ನಮ್ಮವರು ಲೈಗನ್ ಸ್ಟ್ರೀಟಿನ ಇಟಾಲಿಯನ್ ಕಾಫಿಯನ್ನು ಹೊಗಳದೆ ಬರುವುದಿಲ್ಲ. ಅದೇ ಊರಿನ ಬಂದರಿಗೆ 1940ರಲ್ಲಿ ಬಂದಿಳಿದ ಇಟಾಲಿಯನ್ನರ ಕಥೆ ಬೇರೆ.

ಆ ವರ್ಷ ಜೂನ್ 10ರಂದು ಮುಸೊಲಿನಿ ಯುದ್ಧ ಸಾರಿದ್ದೇ ತಡ, ಬ್ರಿಟನ್ನಿನಲ್ಲಿ ಕೆಫೆ, ಐಸ್‌ಕ್ರೀಂ ಅಂಗಡಿ ಇಟ್ಟುಕೊಂಡಿದ್ದ ಇಟಲಿಯವರನ್ನು ಪೊಲೀಸರು ಎಳೆದೊಯ್ದರು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಅವರಲ್ಲಿ 700ಕ್ಕೂ ಹೆಚ್ಚು ಮಂದಿಯನ್ನು ಕೆನಡಾಕ್ಕೆ ಸಾಗಿಸುತ್ತಿದ್ದ 'ಅರಂಡೋರಾ ಸ್ಟಾರ್' ಹಡಗನ್ನು ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. 400ಕ್ಕೂ ಹೆಚ್ಚು ಇಟಾಲಿಯನ್ನರು ನೀರುಪಾಲಾದರು. ಬದುಕಿ ದಡ ಸೇರಿದವರನ್ನು ಹೆಂಡತಿ ಮಕ್ಕಳ ಬಳಿಗೆ ಬಿಡಬಹುದಿತ್ತು. ಎಂಟೇ ದಿನಕ್ಕೆ ಸುಮಾರು 200 ಮಂದಿಯನ್ನು ಲಿವರ್‌ಪೂಲಿನಲ್ಲಿ 'ಡುನೇರಾ' ಹತ್ತಿಸಿದರು. ಈ ಸಲ ಆಸ್ಟ್ರೇಲಿಯಾಕ್ಕೆ!

1,600 ಜನರ ಹಡಗಿನಲ್ಲಿ ಸುಮಾರು 2,500 ಬಂಧಿತರು. ಹಿಟ್ಲರನಿಂದ ಓಡಿಬಂದ ಯಹೂದಿಗಳೇ ಹೆಚ್ಚು. ಅವರ ಜತೆಗೇ ಹಿಟ್ಲರನ ಭಕ್ತರೂ. ಕಾವಲಿನ ಸೈನಿಕರು ಗಡಿಯಾರ, ಉಂಗುರ ಕಿತ್ತುಕೊಂಡರು, ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದರು. ಹೊರಟ ಮೂರನೇ ದಿನ ಇದರತ್ತಲೂ ಟಾರ್ಪಿಡೊ ಬಂತು. ಅದೃಷ್ಟ, ಹಡಗು ಉಳಿಯಿತು. ಒಮ್ಮೆ ಮುಳುಗಿ ಎದ್ದವರ ಪಾಡು ಆಗ ಹೇಗಿದ್ದಿರಬೇಡ? ಸೆಪ್ಟೆಂಬರ್ 3ರಂದು ಅವರನ್ನು ಮೆಲ್ಬರ್ನ್‌ನಲ್ಲಿ ಇಳಿಸಿ ಟಟೂರಾ ಶಿಬಿರಕ್ಕಟ್ಟಿದರು. ಮುಂದೆ ಸಿಡ್ನಿಯಲ್ಲಿ ಹಡಗು ಹತ್ತಿದ ಸೇನಾ ವೈದ್ಯರೊಬ್ಬರು ಒಳಗಿನ ಸ್ಥಿತಿ ಕಂಡು ದಂಗಾಗಿ ವರದಿ ಬರೆದದ್ದರಿಂದ ಕಾವಲುಪಡೆಯ ಕೆಲವರಿಗೆ ಕೋರ್ಟ್ ಮಾರ್ಷಲ್ ಆಯಿತು.

ಆಸ್ಟ್ರೇಲಿಯಾವೇನೂ ಕಡಿಮೆಯಿಲ್ಲ. ತನ್ನಲ್ಲೇ ನೆಲೆಸಿದ್ದ 4,500ಕ್ಕೂ ಹೆಚ್ಚು ಇಟಾಲಿಯನ್ನರನ್ನು, ಪೌರತ್ವ ಪಡೆದಿದ್ದವರನ್ನೂ ಬಿಡದೆ, ಕೂಡಿಹಾಕಿತು. ಮುಸೊಲಿನಿಯ ಕಡುವಿರೋಧಿ ಫ್ರಾನ್ಸೆಸ್ಕೊ ಫಾಂಟಿನ್‌ನನ್ನು 1942ರಲ್ಲಿ ಲವ್‌ಡೇ ಶಿಬಿರದಲ್ಲಿ ಕೊಂದವನು ಜತೆಯಲ್ಲೇ ಕೂಡಿಹಾಕಿದ್ದ ಒಬ್ಬ ಫ್ಯಾಸಿಸ್ಟ್. ಯುದ್ಧಕಾಲದಲ್ಲಿ ಗೂಢಚಾರರ ಭಯ ಸಹಜ, ಒಪ್ಪೋಣ. ಆದರೆ ಯಾರು ಏನು ಮಾಡಿದ್ದಾರೆಂದು ವಿಚಾರಿಸದೆ, ಹುಟ್ಟೂರು ನೋಡಿ ಸೆರೆಗೆ ತಳ್ಳುವುದು ಬರೀ ಸೋಮಾರಿ ಪೊಲೀಸ್‌ಗಿರಿ.

ಬಿಳಿಯರ ಕಥೆ ನಮಗೇಕೆ ಎನ್ನುವವರು 1962 ನೆನೆಯಲಿ. ಚೀನಾ ಯುದ್ಧದ ಹೊತ್ತಿಗೆ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು 3,000 ಜನರನ್ನು, ಮಕ್ಕಳುಮರಿ ಸಮೇತ, ರೈಲಿಗೆ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದವರು ನಾವೇ. ಕೆಲವರು ಅಲ್ಲಿ ವರ್ಷಗಟ್ಟಲೆ ಕೊಳೆತರು. ಎರಡನೇ ಮಹಾಯುದ್ಧದಲ್ಲಿ ತನ್ನಲ್ಲಿದ್ದ ಇಟಾಲಿಯನ್ನರನ್ನು ಕೂಡಿಹಾಕಿದ್ದಕ್ಕೆ ಕೆನಡಾ 2021ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿತು. ದೇವಳಿಯ ಕಂದಮ್ಮಗಳು ಈಗ ಮುದುಕರಾಗಿದ್ದಾರೆ. ಅವರು ಕಣ್ಣುಮುಚ್ಚುವ ಮೊದಲು ನಮ್ಮ ಸಂಸತ್ತೂ ಆ ಕೆಲಸ ಮಾಡಲಿ.